ವೀಲ್ ಸ್ಪೇಸರ್ ಹಾಕಿಸಬಹುದಾ? ಮೊದಲು ಕಾಲರ್ ಅಳೆಯಿರಿ, ಆಮೇಲೆ ಸ್ಟಡ್

ಪ್ರಶ್ನೆ: ನನ್ನ ಕಾರಿನ ಮೂಲ ಚಕ್ರಗಳು 6ಜೆ (6 ಇಂಚು) ಅಗಲ, ಆಫ್‌ಸೆಟ್ ಇಟಿ 38. ಈಚೆಗೆ 7ಜೆ ಅಗಲದ, ಇಟಿ 48 ಆಫ್‌ಸೆಟ್‌ನ ಅಲಾಯ್ ಚಕ್ರ ಕೊಂಡೆ. ಮುಂದಿನ ಎರಡೂ ಕಡೆ ಟೈರಿನ ಒಳಬದಿ ಸಸ್ಪೆನ್ಷನ್ ಸ್ಟ್ರಟ್‌ಗೆ ಮೆಲ್ಲಗೆ ಉಜ್ಜುತ್ತಿದೆ. ಅಂಗಡಿಯವರು 15 ಮಿ.ಮೀ. ದಪ್ಪದ ಎರಡು ಬಗೆಯ ಸ್ಪೇಸರ್ (ಚಕ್ರಕ್ಕೂ ಅದು ಕೂರುವ ಹಬ್‌ಗೂ ನಡುವೆ ಇಡುವ ಲೋಹದ ಬಿಲ್ಲೆ) ತೋರಿಸಿದರು. ಒಂದು, ಹಳೇ ಸ್ಟಡ್‌ಗೇ (ಹಬ್‌ನಿಂದ ಚಾಚಿದ, ಚಕ್ರದ ನಟ್ ಕೂರುವ ಥ್ರೆಡ್ ಕಡ್ಡಿ) ಸುಮ್ನೆ ತೂರಿಸುವಂಥದ್ದು. ಹಲವು ಕಾರುಗಳಿಗೆ ಹೊಂದಲಿ ಎಂದು ಅದರ ತೂತುಗಳು ಉದ್ದುದ್ದ ಇವೆ. ಇನ್ನೊಂದು, ಹಬ್‌ಗೆ ನಟ್ ಹಾಕಿ ಬಿಗಿಯುವಂಥದ್ದು. ಅದರಲ್ಲೇ ಬೇರೆ ಸ್ಟಡ್‌ಗಳಿವೆ. ಒಬ್ಬ ಗೆಳೆಯ ‘ಚಕ್ರ ಕಳಚಿ ಹೋಗುತ್ತೆ’ ಅನ್ನುತ್ತಾನೆ. ಇನ್ನೊಬ್ಬ ‘ರೇಸ್ ಕಾರಿಗೇ ಹಾಕ್ತಾರೆ, ಏನೂ ಆಗಲ್ಲ’ ಅನ್ನುತ್ತಾನೆ. ಯಾರನ್ನು ನಂಬಲಿ? ಒಳ್ಳೆಯ ಸ್ಪೇಸರ್ ಗುರುತಿಸುವುದು ಹೇಗೆ? ಪಿಸಿಡಿ (ಸ್ಟಡ್‌ಗಳ ಸಂಖ್ಯೆ ಮತ್ತು ಅವು ಕೂತ ವೃತ್ತದ ಅಳತೆ) 4×100, ಸೆಂಟರ್ ಬೋರ್ (ಚಕ್ರದ ನಡು ತೂತು) 54.1, ಸ್ಟಡ್ ಎಂ12×1.5.

ಉತ್ತರ:

ನಿಮ್ಮ ಇಬ್ಬರು ಗೆಳೆಯರ ಮಾತಲ್ಲೂ ನಿಜ ಇದೆ. ಆದರೆ ಅಂಗಡಿಯಲ್ಲಿ ತೋರಿಸಿದ ಎರಡು ಸ್ಪೇಸರ್‌ಗಳಲ್ಲಿ ಯಾವುದನ್ನೂ ನಿಮ್ಮ ಕಾರಿಗೆ ಹಾಕಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಇಷ್ಟು ಅಳತೆಗಳನ್ನು ಬರೆದು ಕಳಿಸಿದ್ದೀರಿ, ತುಂಬಾ ಸಂತೋಷವಾಯಿತು. ಅಳತೆ ಇಲ್ಲದೆ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡಲು ಆಗುವುದಿಲ್ಲ.

ಚಕ್ರ ಹಬ್ ಮೇಲೆ ಹೇಗೆ ನಿಲ್ಲುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು. ಕಾರಿನ ಭಾರ ಸ್ಟಡ್‌ಗಳ ಮೇಲೆ ನೇತಾಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಎರಡು ಅಂಗೈಗಳ ನಡುವೆ ಒಂದು ಪುಸ್ತಕ ಒತ್ತಿ ಹಿಡಿಯಿರಿ. ಪುಸ್ತಕ ಕೆಳಗೆ ಜಾರುವುದಿಲ್ಲ. ಹಿಡಿದಿರುವುದು ಅಂಗೈಯ ಒತ್ತಡ ಮತ್ತು ಅದರಿಂದ ಹುಟ್ಟುವ ಘರ್ಷಣೆ. ಚಕ್ರವೂ ಹಾಗೇ. ನಟ್ ಬಿಗಿದಾಗ ಸ್ಟಡ್ ಸ್ಪ್ರಿಂಗಿನಂತೆ ಚೂರು ಹಿಗ್ಗಿ, ಚಕ್ರವನ್ನು ಹಬ್ಬಿಗೆ ಎಳೆದು ಒತ್ತುತ್ತದೆ. ನಿಮ್ಮ ಎಂ12 ಸ್ಟಡ್‌ಗೆ 100 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಒಂದೊಂದೂ ಸುಮಾರು 4 ಟನ್ ಬಲದಿಂದ ಒತ್ತುತ್ತದೆ. ನಾಲ್ಕೂ ಸೇರಿ 16 ಟನ್ ಆಸುಪಾಸು. ಲೋಹಕ್ಕೆ ಲೋಹ ಒತ್ತಿ ಕೂತಾಗ ಅದರಲ್ಲಿ ಸುಮಾರು ಏಳನೇ ಒಂದು ಭಾಗ, ಅಂದರೆ 2 ಟನ್‌ಗೂ ಜಾಸ್ತಿ, ಜಾರದಂತೆ ತಡೆಯಲು ಸಿಗುತ್ತದೆ. ಒಂದು ಚಕ್ರದ ಮೇಲೆ ನಿಂತಲ್ಲಿ ಇರುವ ಭಾರ ಕೆಲವು ನೂರು ಕಿಲೋ ಅಷ್ಟೇ. ಗುಂಡಿಗೆ ಬಿದ್ದಾಗ, ಬ್ರೇಕ್ ಒತ್ತಿದಾಗ ಅದು ಹಲವು ಪಟ್ಟು ಆದರೂ ತಡೆಯಬಲ್ಲ ಮೀಸಲು ಇದೆ.

ಆ ಒತ್ತಡ ಹೋದರೆ ಮಾತ್ರ ಕತೆ ಬೇರೆ. ಆಗ ಚಕ್ರ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಅಲುಗುತ್ತದೆ. ಅಲುಗಿದಷ್ಟೂ ಸ್ಟಡ್ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಮಡಚಿ ಮಡಚಿ ಮುರಿಯುತ್ತೇವಲ್ಲ, ಸ್ಟಡ್ ಮುರಿಯುವುದೂ ಹಾಗೆಯೇ. ಒಂದು ಮುರಿದರೆ ಉಳಿದ ಮೂರಕ್ಕೆ ಭಾರ ಜಾಸ್ತಿ, ಆಮೇಲೆ ಅವೂ ಹೋಗುತ್ತವೆ.

ಈ ಒತ್ತಡ ಎಷ್ಟು ನಾಜೂಕು ಗೊತ್ತಾ? 4 ಟನ್ ಎಳೆತಕ್ಕೆ ನಿಮ್ಮ ಸ್ಟಡ್ ಹಿಗ್ಗುವುದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಅಂದರೆ ಒತ್ತಿ ಕೂತ ಮುಖಗಳ ನಡುವೆ ಅಷ್ಟೇ ದಪ್ಪದ ಪೇಂಟ್, ತುಕ್ಕು, ಮಣ್ಣು ಏನಾದರೂ ಇದ್ದು, ಓಡಿಸುವಾಗ ಅದು ಪುಡಿಯಾಗಿ ಉದುರಿದರೆ ಸಾಕು. ನಟ್ ಒಂದು ಚೂರೂ ತಿರುಗದಿದ್ದರೂ ಬಿಗಿ ಪೂರ್ತಿ ಹೋಗಿರುತ್ತದೆ. ಸ್ಪೇಸರ್ ಹಾಕಿದಾಗ ಇಂಥ ಮುಖಗಳು ಇನ್ನೂ ಒಂದು ಜೊತೆ ಹೆಚ್ಚಾಗುತ್ತವೆ. ನನ್ನ ಲೆಕ್ಕದಲ್ಲಿ ಸ್ಪೇಸರ್‌ನ ಗುಣಮಟ್ಟ ಅಂದರೆ ಇದೇ: ಆ ಬಿಗಿಯನ್ನು ಅದು ಉಳಿಸುತ್ತದಾ, ಕಳೆಯುತ್ತದಾ? ಹೊಳಪು, ಬಣ್ಣ, ಮೇಲೆ ಕೆತ್ತಿದ ಹೆಸರು ಎಲ್ಲ ಆಮೇಲೆ.

ಈಗ ಅಂಗಡಿಯ ಮೊದಲನೇ ಸ್ಪೇಸರ್, ಉದ್ದ ತೂತಿನದ್ದು. ಅದನ್ನು ಹಳೇ ಸ್ಟಡ್‌ಗೇ ತೂರಿಸಿದರೆ ನಟ್‌ಗೆ ಸಿಗುವ ಥ್ರೆಡ್ 15 ಮಿ.ಮೀ. ಕಡಿಮೆಯಾಗುತ್ತದೆ. ನಟ್ ಕನಿಷ್ಠ ಸ್ಟಡ್‌ನ ದಪ್ಪದಷ್ಟು ಉದ್ದ ಥ್ರೆಡ್ ಹಿಡಿದಿರಬೇಕು ಎಂದು ಲೆಕ್ಕ. ನಿಮ್ಮದು 12 ಮಿ.ಮೀ. ಸ್ಟಡ್, ಥ್ರೆಡ್ ಅಂತರ 1.5. ಅಂದರೆ ನಟ್ ಥ್ರೆಡ್ ಹಿಡಿದ ಮೇಲೆ ಕೈಯಲ್ಲೇ ಪೂರ್ತಿ 8 ಸುತ್ತು ತಿರುಗಿ, ಆಮೇಲೆ ಕೂರಬೇಕು. ಇದನ್ನು ಯಾರು ಬೇಕಾದರೂ ಎಣಿಸಬಹುದು, ಉಪಕರಣ ಬೇಡ. ಹಳೇ ಸ್ಟಡ್ ಮೇಲೆ 15ರ ಸ್ಪೇಸರ್ ಹಾಕಿದರೆ ಸಾಮಾನ್ಯವಾಗಿ ಎರಡು ಮೂರು ಸುತ್ತಿಗೇ ನಟ್ ನಿಂತುಬಿಡುತ್ತದೆ. ನಿಮ್ಮ ಮೊದಲ ಗೆಳೆಯ ಕೇಳಿರುವ ಕಳಚಿದ ಚಕ್ರಗಳ ಕತೆಗಳಲ್ಲಿ ಬಹುಪಾಲು ಇಂಥವೇ ಇರಬೇಕು. ಇನ್ನು ಆ ಉದ್ದುದ್ದ ತೂತುಗಳು. ಅಲ್ಲೆಲ್ಲ ಲೋಹವೇ ಇಲ್ಲ ಅಲ್ವಾ? ಒತ್ತಡ ಜಾಸ್ತಿ ಬೀಳುವ ಜಾಗದಲ್ಲೇ ಮುಖ ಖಾಲಿ. ಹತ್ತು ಕಾರಿಗೆ ಹೊಂದುತ್ತದೆ ಎಂದು ಮಾರುವ ಸ್ಪೇಸರ್ ಒಂದು ಕಾರಿಗೂ ಸರಿಯಾಗಿ ಹೊಂದುವುದಿಲ್ಲ.

ಎರಡನೆಯದು, ನಟ್ ಹಾಕಿ ಬಿಗಿಯುವಂಥದ್ದು. ಈ ಬಗೆ ತಾನೇ ತಾನಾಗಿ ಕೆಟ್ಟದ್ದಲ್ಲ. 25 ಮಿ.ಮೀ. ಮತ್ತು ಅದಕ್ಕೂ ದಪ್ಪಗೆ ಇದ್ದಾಗ ಚೆನ್ನಾಗಿ ಮಾಡಿದ್ದು ಗಟ್ಟಿಯಾಗಿ ಕೂರುತ್ತದೆ. ಆದರೆ 15ರಲ್ಲಿ ಜಾಗ ಸಾಲುವುದಿಲ್ಲ. ಹಬ್ಬಿನ ಸ್ಟಡ್ ಸಾಮಾನ್ಯವಾಗಿ 20 ಮಿ.ಮೀ.ಗಿಂತ ಜಾಸ್ತಿ ಚಾಚಿರುತ್ತದೆ. ಆಗ ಅದರ ತುದಿ ಸ್ಪೇಸರ್ ದಾಟಿ ಹೊರಗೆ ಬರುತ್ತದೆ. ಚಕ್ರದ ಹಿಂಬದಿಯಲ್ಲಿ ಆ ತುದಿಗಳಿಗೆ ಹೊಂದುವ ಕುಳಿಗಳಿದ್ದರೆ ಸರಿ. ಇಲ್ಲದಿದ್ದರೆ ಚಕ್ರ ನಾಲ್ಕು ಸ್ಟಡ್ ತುದಿಗಳ ಮೇಲೆ ಕೂರುತ್ತದೆ, ಸ್ಪೇಸರ್ ಮೇಲೆ ಕೂರುವುದೇ ಇಲ್ಲ. ಇಂಥ ಒಂದು ಕಾರು ನನ್ನ ಕೈಗೆ ಬಂದಿತ್ತು. ಹಾಕಿದವರು ‘ಟಾರ್ಕ್ ಕೊಟ್ಟೇ ಬಿಗಿದಿದ್ದೇವೆ’ ಎಂದಿದ್ದರಂತೆ. ಸುಳ್ಳೇನಲ್ಲ. ಟಾರ್ಕ್ ರೆಂಚ್ (ನಿಗದಿತ ಬಿಗಿ ಬಂದಾಗ ಸದ್ದು ಮಾಡುವ ಸ್ಪ್ಯಾನರ್) ಕ್ಲಿಕ್ ಅಂದಿದೆ. ಆದರೆ ಚಕ್ರ ಬಿಚ್ಚಿ ನೋಡಿದರೆ ಹಿಂಬದಿಯಲ್ಲಿ ನಾಲ್ಕು ದುಂಡನೆಯ ಗಾಯಗಳಿದ್ದವು, ಸ್ಪೇಸರ್‌ನ ಮುಖ ಮಾತ್ರ ಹೊಸದರಂತೆ ಇತ್ತು. ಆ ಕಾರಿನವರು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೆದ್ದಾರಿಯಲ್ಲಿ ಬಂದಿದ್ದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ.

ಹಾಗಾದರೆ ನಿಮಗೆ ಎಷ್ಟು ದಪ್ಪ ಬೇಕು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಇಟಿ ಎಂದರೆ ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಕೂರುವ ಮುಖಕ್ಕೆ ಇರುವ ದೂರ, ಮಿಲಿಮೀಟರಿನಲ್ಲಿ. ಈ ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಕ್ಕೆ ಹೋಗುತ್ತದೆ. ನಿಮ್ಮ ಹೊಸ ಚಕ್ರದ ನಡುಗೆರೆ 10 ಮಿ.ಮೀ. ಒಳಗೆ ಹೋಗಿದೆ. ಅದರ ಮೇಲೆ ಒಂದು ಇಂಚು ಅಗಲವೂ ಹೆಚ್ಚಿದೆ, ಒಂದೊಂದು ಬದಿಗೆ 12.7. ಎರಡೂ ಸೇರಿ ರಿಮ್ಮಿನ ಒಳ ಅಂಚು 22.7 ಮಿ.ಮೀ. ಒಳಗೆ ಬಂದಿದೆ. ಸ್ಟ್ರಟ್‌ಗೆ ಉಜ್ಜದೆ ಇನ್ನೇನು ಮಾಡುತ್ತದೆ? ಹೊರ ಅಂಚು ಹೊರಗೆ ಹೋಗಿರುವುದು ಬರೀ 2.7.

15ರ ಸ್ಪೇಸರ್ ಹಾಕಿದರೆ ಆಫ್‌ಸೆಟ್ 48ರಿಂದ 33ಕ್ಕೆ ಇಳಿದ ಹಾಗೆ. ನಡುಗೆರೆ ಮೂಲಕ್ಕಿಂತ 5 ಮಿ.ಮೀ. ಆಚೆ ಹೋಗುತ್ತದೆ, ಹೊರ ಅಂಚು 17.7 ಆಚೆ. 10ರದ್ದು ಹಾಕಿದರೆ ನಡುಗೆರೆ ಸರಿಯಾಗಿ ಕಾರು ತಯಾರಕರು ಇಟ್ಟ ಜಾಗಕ್ಕೇ ಬರುತ್ತದೆ. ನಿಮ್ಮ ವಿಷಯದಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಇದು. ಚಕ್ರ ಆಚೆ ಚಾಚಿ ಕಾಣಲಿ ಎಂದು ಬಹಳ ಜನ ಸ್ಪೇಸರ್ ಹಾಕುತ್ತಾರೆ. ನೀವು ತಪ್ಪಿದ ಚಕ್ರವನ್ನು ಮೂಲ ಜಾಗಕ್ಕೆ ತರಲು ಹೊರಟಿದ್ದೀರಿ.

ಅದರಿಂದ ಇನ್ನೊಂದು ಭಯವೂ ಹೋಗುತ್ತದೆ. ‘ಸ್ಪೇಸರ್ ಹಾಕಿದರೆ ಬೇರಿಂಗ್ ಹೋಗುತ್ತೆ’ ಅನ್ನುತ್ತಾರೆ. ಬೇರಿಂಗ್‌ಗೆ ಸ್ಪೇಸರ್ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಟೈರ್ ನೆಲ ಮುಟ್ಟುವ ಜಾಗ ತನ್ನಿಂದ ಎಷ್ಟು ದೂರ ಎನ್ನುವುದಷ್ಟೇ ಅದಕ್ಕೆ ತಾಗುವುದು. ನಡುಗೆರೆ ಮೂಲ ಜಾಗದಲ್ಲೇ ಇದ್ದರೆ ಬೇರಿಂಗ್ ಮೇಲೆ ಹೆಚ್ಚಿನ ಎಳೆತ ಇಲ್ಲ. ಅದೇ 25, 30 ಮಿ.ಮೀ. ಆಚೆ ತಳ್ಳಿದರೆ ಬೇರಿಂಗ್ ಬೇಗ ಸವೆಯುತ್ತದೆ. ಮುಂದಿನ ಚಕ್ರಗಳಲ್ಲಿ ಸ್ಟೀರಿಂಗ್ ಕೂಡ ಹದ ತಪ್ಪುತ್ತದೆ: ತಗ್ಗು ದಿಣ್ಣೆಗಳಲ್ಲಿ ಕೈಯನ್ನು ಎಳೆಯುತ್ತದೆ. ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣಗಿದ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಕಾರು ಒಂದು ಕಡೆಗೆ ವಾಲುತ್ತದೆ. ಬರೀ ನೋಟಕ್ಕಾಗಿ ಇದನ್ನು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ 10 ಮಿ.ಮೀ.ಗೆ ಒಂದು ತೊಡಕಿದೆ. ಹಬ್ಬಿನ ನಡುವೆ ಉಂಗುರದಂತೆ ಚಾಚಿದ ಕಾಲರ್ ಇರುತ್ತದೆ. ನಿಮ್ಮ ಕಾರಿನಲ್ಲಿ ಅದರ ಹೊರ ಅಳತೆ 54.1. ಚಕ್ರ ಸರಿಯಾಗಿ ನಟ್ಟನಡುವೆ ಕೂರಲು ಇದೇ ಆಸರೆ. ಭಾರ ಹೊರುವುದು ಕಾಲರ್ ಅಲ್ಲ, ಮೊದಲೇ ಹೇಳಿದ ಬಿಗಿ. ಆದರೆ ನಟ್ ಬಿಗಿಯುವಾಗ ಚಕ್ರವನ್ನು ನಡುವೆ ಹಿಡಿದಿಡುವುದು ಅದರ ಕೆಲಸ. 3, 5 ಮಿ.ಮೀ. ತೆಳು ಸ್ಪೇಸರ್ ಹಾಕಿದರೆ ಕಾಲರ್‌ನ ಅಷ್ಟು ಭಾಗ ಅದರೊಳಗೆ ಮುಳುಗುತ್ತದೆ. ಚಕ್ರದ ನಡು ತೂತಿನ ಒಳ ಅಂಚು ಬೇರೆ ಓರೆಯಾಗಿ ಕತ್ತರಿಸಿರುತ್ತದೆ, ಅಲ್ಲೂ ಕೆಲವು ಮಿಲಿಮೀಟರ್ ಹಿಡಿತ ಸಿಗುವುದಿಲ್ಲ. ಕೊನೆಗೆ ಹಿಡಿಯಲು ಏನೂ ಉಳಿಯುವುದಿಲ್ಲ. 80, 100ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ ಎಂದು ಮೂರು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದ ಒಬ್ಬರು ನನ್ನಲ್ಲಿಗೆ ಬಂದಿದ್ದರು. ಕಾರಣ ಇಂಥದ್ದೇ ಒಂದು 5ರ ಸ್ಪೇಸರ್.

ಕಾಲರ್ ಪೂರ್ತಿ ಅಡಗುವಷ್ಟು ದಪ್ಪ ಇದ್ದರೆ ಸ್ಪೇಸರ್ ತನ್ನ ಹೊರಬದಿಯಲ್ಲಿ ತನ್ನದೇ ಕಾಲರ್ ಚಾಚಬಹುದು. ತೀರಾ ತೆಳ್ಳಗಿದ್ದು, ಹಬ್ಬಿನ ಕಾಲರ್ ಎತ್ತರವಾಗಿದ್ದರೆ ಅದೇ ಸಾಕು. ಇವೆರಡರ ನಡುವಿನ ದಪ್ಪಗಳೇ ಪೀಡೆ. ಹಬ್ಬಿನ ಕಾಲರ್ ಬಹಳ ಕಾರುಗಳಲ್ಲಿ 8ರಿಂದ 10 ಮಿ.ಮೀ. ಎತ್ತರ ಇರುತ್ತದೆ. ಆದ್ದರಿಂದ 10ರ ಸ್ಪೇಸರ್ ಸರಿಯಾಗಿ ಆ ಪೀಡೆಯ ಜಾಗಕ್ಕೇ ಬೀಳುತ್ತದೆ. ನಿಮಗೆ ನನ್ನ ಸಲಹೆ 12 ಮಿ.ಮೀ., ಎರಡೂ ಬದಿ ಕಾಲರ್ ಹೊಂದುವಂಥದ್ದು. ಆಗ ಆಫ್‌ಸೆಟ್ 36 ಆಗುತ್ತದೆ, ಮೂಲಕ್ಕಿಂತ 2 ಮಿ.ಮೀ. ಮಾತ್ರ ಆಚೆ. ಈಗ ಮೆಲ್ಲಗೆ ಉಜ್ಜುತ್ತಿದೆ ಎಂದರೆ ಸಂದು ಸೊನ್ನೆ ಅಂತ ಇಟ್ಟುಕೊಳ್ಳಿ, ಆಮೇಲೆ ಸುಮಾರು 12 ಸಿಗುತ್ತದೆ. ಟೈರ್ ತಿರುವಿನಲ್ಲಿ ಬಾಗುವುದಕ್ಕೆ 5 ಬಿಟ್ಟರೂ ಸಾಕಷ್ಟಾಯಿತು. ಹೊರ ಅಂಚು ಮೂಲಕ್ಕಿಂತ 14.7 ಆಚೆ ಬರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕಾರಿನಲ್ಲಿ ನಾಲ್ಕು ಜನ ಕೂತು, ಫೆಂಡರ್‌ಗೆ ತಾಗುತ್ತದಾ ನೋಡಲೇಬೇಕು.

12ರ ಸ್ಪೇಸರ್‌ಗೆ ಸ್ಟಡ್‌ಗಳೂ ಈಗಿನವಕ್ಕಿಂತ 12 ಮಿ.ಮೀ. ಹೆಚ್ಚು ಉದ್ದದವು ಬೇಕು. ಇದನ್ನು ತಪ್ಪಿಸಲು ದಾರಿ ಇಲ್ಲ. ಬಲ 10.9 ದರ್ಜೆ ಎಂದು ಗುರುತಿರಲಿ. ಸ್ಟಡ್‌ನ ಬುಡದಲ್ಲಿ ಹಬ್ಬಿಗೆ ಕಚ್ಚುವ ಹಲ್ಲಿನ ಭಾಗ ಇದೆಯಲ್ಲ, ಅದರ ಅಳತೆ ಕಾರಿಂದ ಕಾರಿಗೆ ಬೇರೆ. ಥ್ರೆಡ್ ಒಂದೇ ಆದ ಮಾತ್ರಕ್ಕೆ ಸ್ಟಡ್ ಹೊಂದುತ್ತದೆ ಅಂದುಕೊಳ್ಳಬೇಡಿ. ಹಾಕುವುದು ಪ್ರೆಸ್‌ನಲ್ಲಿ. ನಟ್ ಹಾಕಿ ಇಂಪ್ಯಾಕ್ಟ್ ಗನ್‌ನಿಂದ ಎಳೆದು ಕೂರಿಸುವವರಿದ್ದಾರೆ. ಆಗ ಸ್ಟಡ್ ಕೆಲಸ ಶುರು ಮಾಡುವ ಮೊದಲೇ ಅದರ ಥ್ರೆಡ್ ಎಳೆದು ಹಾಳಾಗಿರುತ್ತದೆ.

ನಟ್ ಬಗ್ಗೆ ಒಂದು ಮಾತು. ಅಲಾಯ್ ಚಕ್ರಕ್ಕೆ ಕೊಡುವ ನಟ್‌ಗಳು ಬಹಳ ಸಲ ತುದಿ ಮುಚ್ಚಿದವು. ಉದ್ದ ಸ್ಟಡ್‌ನ ತುದಿ ಆ ಮುಚ್ಚಳಕ್ಕೆ ಹೋಗಿ ಗುದ್ದಿದರೆ ನಟ್ ಬಿಗಿಯಾದ ಹಾಗೇ ಅನಿಸುತ್ತದೆ, ರೆಂಚ್ ಕೂಡ ಕ್ಲಿಕ್ ಅನ್ನುತ್ತದೆ. ಚಕ್ರ ಮಾತ್ರ ಸಡಿಲ. ಸುಮ್ನೆ ತುದಿ ತೆರೆದ ನಟ್ ಹಾಕಿಸಿ, ಕಾಣಲು ಅಷ್ಟು ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ನಟ್‌ನ ಕೆಳ ಆಕಾರ ಚಕ್ರದ ಕುಳಿಗೆ ಹೊಂದಬೇಕು: 60 ಡಿಗ್ರಿ ಓರೆ ಇದ್ದರೆ ಓರೆ, ಗುಂಡಗಿದ್ದರೆ ಗುಂಡು.

ಈಗ ಸ್ಪೇಸರ್ ಕೈಗೆ ತೆಗೆದುಕೊಂಡು ನೋಡುವುದು ಹೇಗೆ? ಲೋಹದ ಹೆಸರಿನಿಂದ ಶುರು ಮಾಡಿ. 6061-ಟಿ6 ಅಥವಾ 7075-ಟಿ6 ಅಲ್ಯೂಮಿನಿಯಂ ಎಂದು ಸ್ಪಷ್ಟವಾಗಿ ಬರೆದಿರಬೇಕು. ಮೊದಲನೆಯದೇ ಈ ಕೆಲಸಕ್ಕೆ ಸಾಕು. ಎರಡನೆಯದು ಹೆಚ್ಚುಕಡಿಮೆ ಇನ್ನೂ ಮುಕ್ಕಾಲು ಪಾಲು ಜಾಸ್ತಿ ಗಟ್ಟಿ. ಎರಕ ಹೊಯ್ದ ಸ್ಪೇಸರ್ ಬೇಡವೇ ಬೇಡ, ಅದರೊಳಗೆ ಕಣ್ಣಿಗೆ ಕಾಣದ ಗುಳ್ಳೆಗಳಿರಬಹುದು. ಆದರೆ ಬರಹವನ್ನಷ್ಟೇ ನಂಬಬೇಡಿ, ಅಳೆಯಿರಿ. ದಪ್ಪ ಗಾಜಿನ ಮೇಲೆ ಸ್ಪೇಸರ್ ಇಟ್ಟು ಅಂಚನ್ನು ಒತ್ತಿ. ಚೂರು ಕುಲುಕಿದರೂ ವಾಪಸ್ ಕೊಡಿ. ಮೈಕ್ರೋಮೀಟರ್ ಇದ್ದರೆ ಸುತ್ತಲೂ ಎಂಟು ಕಡೆ ದಪ್ಪ ನೋಡಿ. ವ್ಯತ್ಯಾಸ 0.05 ಮಿ.ಮೀ. ಒಳಗೆ ಇರಲಿ. ಹಬ್ ಮೇಲೆ ಕೈಯಲ್ಲಿ ತೂರಿಸಿದಾಗ ಕಾಲರ್‌ಗೆ ಹಿತವಾಗಿ ಕೂರಬೇಕು. ಗಡಗಡ ಅಲ್ಲಾಡಬಾರದು, ಸುತ್ತಿಗೆಯೂ ಬೇಕಾಗಬಾರದು. ಕೂರುವ ಮುಖಕ್ಕೆ ದಪ್ಪ ಪೌಡರ್ ಕೋಟಿಂಗ್ ಇದ್ದರೆ ನಾನು ತೆಗೆದುಕೊಳ್ಳುವುದಿಲ್ಲ. ಏಕೆ ಎಂದು ಮೇಲೆ ಲೆಕ್ಕ ಹೇಳಿದೆನಲ್ಲ. ತೆಳು ಆನೋಡೈಸಿಂಗ್ ಪರವಾಗಿಲ್ಲ. ಬ್ರೇಕ್ ಡಿಸ್ಕ್ ಹಿಡಿದಿಡುವ ಸಣ್ಣ ಸ್ಕ್ರೂ ತಲೆ ಹೊರಗೆ ಉಬ್ಬಿದ್ದರೆ ಅದಕ್ಕೆ ಸ್ಪೇಸರ್‌ನಲ್ಲಿ ಕುಳಿ ಇರಬೇಕು. ಎರಡು ತೆಳು ಸ್ಪೇಸರ್ ಸೇರಿಸಿ ಒಂದು ಮಾಡುವುದನ್ನಂತೂ ಯಾವತ್ತೂ ಒಪ್ಪಬೇಡಿ.

ಸ್ಪೇಸರ್ ಎಂದರೆ ಕಳಪೆ ಅನ್ನುವವರಿಗೆ ನಾನು ಪೋರ್ಷೆಯ ಉದಾಹರಣೆ ಕೊಡುತ್ತೇನೆ. 911ರ ಕೆಲವು ಮಾದರಿಗಳಿಗೆ ಆ ಕಂಪನಿಯೇ 5 ಮಿ.ಮೀ. ಸ್ಪೇಸರ್ ಮತ್ತು ಅದಕ್ಕೆ ತಕ್ಕ ಉದ್ದದ ಬೋಲ್ಟ್ ಕೊಟ್ಟಿದೆ. ಜರ್ಮನಿಯಲ್ಲಿ ಸ್ಪೇಸರ್ ಜೊತೆ ಪರೀಕ್ಷೆಯ ಪತ್ರ ಬರುತ್ತದೆ. ಎಚ್ ಆಂಡ್ ಆರ್, ಐಬಾಕ್ ಥರದ ಕಂಪನಿಗಳು ಯಾವ ಕಾರಿಗೆ ಯಾವ ದಪ್ಪ ಎಂದು ಹೇಳಿಯೇ ಮಾರುತ್ತವೆ. ಆಸ್ಟ್ರೇಲಿಯಾದ ವಾಹನ ಬದಲಾವಣೆ ನಿಯಮಗಳು ಮಾತ್ರ ಕಾರಿನ ಜೊತೆಯೇ ಬಂದಿರದ ಸ್ಪೇಸರ್ ಬೇಡ ಅನ್ನುತ್ತವೆ. ನೀವಿರುವ ಕಡೆ ನಿಯಮ ಏನು, ವಿಮೆಯವರು ಏನು ಹೇಳುತ್ತಾರೆ ಎಂದು ಮೊದಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ಹಾಕುವ ದಿನ ಹಬ್ ಮತ್ತು ಡಿಸ್ಕ್ ಮುಖವನ್ನು ತಂತಿ ಬ್ರಷ್‌ನಿಂದ ಹೊಳೆಯುವ ತನಕ ಉಜ್ಜಿಸಿ. ಥ್ರೆಡ್‌ಗೆ ಗ್ರೀಸ್ ಬೇಡ. ಗ್ರೀಸ್ ಇದ್ದರೆ ಅದೇ ಟಾರ್ಕ್‌ಗೆ ಸ್ಟಡ್ ಮಿತಿ ಮೀರಿ ಎಳೆಯಲ್ಪಡುತ್ತದೆ. ನಟ್‌ಗಳನ್ನು ಕೈಯಲ್ಲಿ ಶುರು ಮಾಡಿ, ಎದುರುಬದುರು ಬಿಗಿದು, ಕಾರಿನ ಕೈಪಿಡಿಯಲ್ಲಿ ಇರುವ ಟಾರ್ಕ್ ಕೊಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೆ ನೋಡಿ. ಆಮೇಲೆ ನಟ್ ಸುತ್ತ ತುಕ್ಕಿನ ಗೆರೆ ಅಥವಾ ಕಪ್ಪು ಪುಡಿ ಕಂಡರೆ, ಕಾರು ಹೊರಡುವಾಗ ಟಕ್ ಎಂದರೆ, ಅಲ್ಲೇ ನಿಲ್ಲಿಸಿ ಚಕ್ರ ಬಿಚ್ಚಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮೊದಲ ಆಯ್ಕೆ ಬೇರೆ. ಚಕ್ರಗಳು ಹೊಸವೇ ಇದ್ದು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಾದರೆ, ಅದೇ ಚಕ್ರವನ್ನು ಇಟಿ 38ರ ಹತ್ತಿರದ ಆಫ್‌ಸೆಟ್‌ನಲ್ಲಿ ಕೇಳಿ. ಆಗ ಸ್ಪೇಸರೂ ಬೇಡ, ಸ್ಟಡ್ ಬದಲಿಸುವುದೂ ಬೇಡ. ಆಗುವುದಿಲ್ಲ ಎಂದರೆ ಮಾತ್ರ 12ರ ದಾರಿ.

ಆ ದಾರಿ ಹಿಡಿದರೆ ಸ್ಟೆಪ್ನಿ ಮರೆಯಬೇಡಿ. ಅಂಗಡಿಯ ಅಲಾಯ್ ಚಕ್ರಗಳ ನಡು ತೂತು ಬಹಳ ಸಲ 54.1ಕ್ಕಿಂತ ದೊಡ್ಡದಿರುತ್ತದೆ, ಒಳಗೆ ಒಂದು ಉಂಗುರ ಹಾಕಿ ಹೊಂದಿಸಿರುತ್ತಾರೆ. ಸ್ಪೇಸರ್‌ನ ಹೊರ ಕಾಲರ್ ಅನ್ನು ಆ ದೊಡ್ಡ ಅಳತೆಗೇ ಮಾಡಿಸಿಬಿಟ್ಟರೆ ನಿಮ್ಮ ಮೂಲ ಸ್ಟೆಪ್ನಿ ಅದರ ಮೇಲೆ ಕೂರುವುದೇ ಇಲ್ಲ. ರಾತ್ರಿ ರಸ್ತೆ ಬದಿಯಲ್ಲಿ ಪಂಕ್ಚರ್ ಆದಾಗ ಅದು ಗೊತ್ತಾಗಬಾರದು. ಹೊರ ಕಾಲರ್ ಕೂಡ 54.1 ಇರಲಿ, ಉಂಗುರ ಚಕ್ರದಲ್ಲೇ ಇರಲಿ. ಆದರೆ ಇದಕ್ಕೆ ಹಬ್ಬಿನ ಕಾಲರ್ ಗಿಡ್ಡ ಇರಬೇಕು, 8ರ ಒಳಗಿದ್ದರೆ ಸಲೀಸು. 10 ಇದ್ದರೆ ಹೊರ ಕಾಲರ್ ಹಿಡಿದಿರುವ ಲೋಹ ತೀರಾ ತೆಳ್ಳಗಾಗುತ್ತದೆ. ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಮುಂದಿನ ಚಕ್ರ ಒಂದನ್ನು ಬಿಚ್ಚಿಸಿ, ಡಿಸ್ಕ್ ಮುಖದಿಂದ ಕಾಲರ್ ಎಷ್ಟು ಎತ್ತರ, ಸ್ಟಡ್ ಎಷ್ಟು ಉದ್ದ ಚಾಚಿದೆ, ಅಲಾಯ್ ಚಕ್ರದ ನಡು ತೂತು ಎಷ್ಟು ಎಂದು ಅಳೆದು ನನಗೆ ಬರೆಯಿರಿ. ಆ ಮೂರು ಸಂಖ್ಯೆ ಸಿಕ್ಕರೆ ಕಾಲರ್ ಯಾವ ಅಳತೆಗೆ, ಸ್ಟಡ್ ಎಷ್ಟು ಉದ್ದಕ್ಕೆ ಎಂದು ಖಚಿತವಾಗಿ ಹೇಳುತ್ತೇನೆ. ಅಲ್ಲಿಯವರೆಗೆ ಹಳೇ ಚಕ್ರಗಳನ್ನೇ ಹಾಕಿಕೊಂಡು ಓಡಿಸಿ. ಉಜ್ಜುತ್ತಿರುವ ಟೈರಿನ ಪಕ್ಕದ ಗೋಡೆ ಒಂದು ದಿನವೂ ಕಾಯುವುದಿಲ್ಲ.